ಐನೂರು ತುಣುಕು, ಒಂದು ಮನೆ





ಕಳೆದ ಬಕ್ರೀದ್ ಹಬ್ಬಕ್ಕೆ ನಮ್ಮ ಅಣ್ಣ ಬೆಂಗಳೂರಿನಿಂದ ಗುರುಗುಂಟಾಕ್ಕೆ ಬಂದಾಗ ಅವನ ಬ್ಯಾಗಿನಲ್ಲಿ ಅಮ್ಮಿಗೆ ಒಂದು ಸೀರೆ, ದಾದಿಗೆ ಮೊಣಕಾಲು ನೋವಿನ ಎಣ್ಣೆ, ನನಗೊಂದು ರಟ್ಟಿನ ಪೆಟ್ಟಿಗೆ ಇದ್ದವು. ಅಬ್ಬಾಗೆ ಏನೂ ಇರಲಿಲ್ಲ. ತರಲು ಮನಸ್ಸಿರಲಿಲ್ಲ ಅಂತಲ್ಲ. ತಂದರೆ ಯಾರ ಕೈಯಲ್ಲಿ ಕೊಡಿಸುವುದು ಎಂದು ಅವನಿಗೆ ತಿಳಿದಿರಲಿಲ್ಲ. ಅವರಿಬ್ಬರೂ ಮಾತು ಬಿಟ್ಟು ಆಗಲೇ ಒಂದೂವರೆ ವರ್ಷವಾಗಿತ್ತು.

ಅಬ್ಬಾ ದರ್ಜಿ. ಅಣ್ಣನ ಬಿ.ಕಾಂ. ಫೀಸಿಗಾಗಿ ಎಷ್ಟೋ ರಾತ್ರಿ ಮಷೀನಿನ ಮುಂದೆ ಕೂತಿದ್ದಾರೆ. ಅಣ್ಣ ಎರಡನೇ ವರ್ಷ ಓದುವಾಗ ಯಾರಿಗೂ ಹೇಳದೆ ಕಾಲೇಜು ಬಿಟ್ಟು, ಗೆಳೆಯನ ಜೊತೆ ಎ.ಸಿ. ರಿಪೇರಿ ಕೆಲಸಕ್ಕೆ ಬೆಂಗಳೂರಿಗೆ ಹೋದ. ಹೋಗಿ ಹದಿನೈದು ದಿನದ ಮೇಲೆ ಫೋನ್ ಮಾಡಿ ಹೇಳಿದ. ಅವತ್ತಿನಿಂದ ಇಬ್ಬರ ನಡುವೆ ಮಾತಿಲ್ಲ. ಹಬ್ಬಕ್ಕೆ ಬಂದರೂ, ಒಂದೇ ದಸ್ತರ್‌ಖಾನಿನ ಮೇಲೆ ಊಟಕ್ಕೆ ಕೂತರೂ, "ಅವನಿಗೆ ಅನ್ನ ಹಾಕು" ಎಂದು ಅಬ್ಬಾ ಅಮ್ಮಿಗೆ ಹೇಳುವರು. "ಅವರಿಗೆ ನೀರು ಬೇಕೇನೋ ಕೇಳು" ಎಂದು ಅಣ್ಣ ನನಗೆ ಹೇಳುವನು. ನಾನು ಇಬ್ಬರ ನಡುವಿನ ಪೋಸ್ಟ್‌ಮ್ಯಾನ್.

ಆ ರಟ್ಟಿನ ಪೆಟ್ಟಿಗೆಯಲ್ಲಿ ಇದ್ದದ್ದು ಒಂದು ಜಿಗ್ಸಾ ಪಜಲ್. ಚಿತ್ರವನ್ನು ತುಣುಕು ತುಣುಕಾಗಿ ಕತ್ತರಿಸಿ ಕೊಟ್ಟಿರುತ್ತಾರೆ, ಅದನ್ನು ಮತ್ತೆ ಜೋಡಿಸಬೇಕು. ಅಂಗನವಾಡಿಯಲ್ಲಿ ನಾಲ್ಕು ತುಣುಕಿನ ಆನೆ, ಆರು ತುಣುಕಿನ ಮಾವಿನಹಣ್ಣು ಜೋಡಿಸಿದ ನೆನಪು ನಿಮಗೂ ಇರಬಹುದು. ಇದು ಅದರ ದೊಡ್ಡಣ್ಣ. ಪೆಟ್ಟಿಗೆಯ ಮೇಲೆ 500 ಎಂದು ಬರೆದಿತ್ತು. ಸಮುದ್ರದ ದಂಡೆ, ಒಂದು ದೀಪಸ್ತಂಭ, ಕೆಂಪು ಹೆಂಚಿನ ಎರಡು ಮನೆ, ಉಳಿದದ್ದೆಲ್ಲ ಬರೀ ನೀಲಿ ಆಕಾಶ.

ಈ ಆಟದಿಂದ ನಮ್ಮ ಮನೆಯಲ್ಲಿ ಏನಾಯಿತು, ಯಾಕೆ ಹಾಗಾಯಿತು, ಅದರಿಂದ ನಮ್ಮ ತರಗತಿಗೆ ಏನು ಉಪಯೋಗ ಎಂಬುದನ್ನು ಹೇಳಲು ಈ ಲೇಖನ ಬರೆಯುತ್ತಿದ್ದೇನೆ.

ಕಟಿಂಗ್ ಟೇಬಲ್ ಮೇಲೆ

ನಮ್ಮ ಮನೆಯ ಮುಂದಿನ ಕೋಣೆಯೇ ಅಬ್ಬಾನ ಅಂಗಡಿ. ಹಬ್ಬದ ಮುಂಚೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹಬ್ಬ ಮುಗಿದ ಮೇಲೆ ಮೂರು ದಿನ ಅಂಗಡಿ ಬಂದ್. ಅಷ್ಟು ದೊಡ್ಡ ಸಪಾಟಾದ ಜಾಗ ಮನೆಯಲ್ಲಿ ಬೇರೆ ಇಲ್ಲದ ಕಾರಣ ನಾನು ಪೆಟ್ಟಿಗೆಯನ್ನು ಅಬ್ಬಾನ ಕಟಿಂಗ್ ಟೇಬಲ್ ಮೇಲೆಯೇ ಸುರಿದೆ.

ಮೊದಲ ದಿನ ನಾನು, ಅಣ್ಣ ಇಬ್ಬರೇ ಕೂತೆವು. ಸ್ವಲ್ಪ ಹೊತ್ತಿಗೆ ಅಮ್ಮಿ ಬಂದು, "ಇದೇನು ಹುಡುಗಾಟ" ಎಂದು ಬೈಯುತ್ತಲೇ ಕೆಂಪು ತುಣುಕುಗಳನ್ನೆಲ್ಲ ಒಂದು ತಟ್ಟೆಗೆ ಆರಿಸಿ ಹಾಕಿದಳು. ಅಕ್ಕಿಯಲ್ಲಿ ಕಲ್ಲು ಆರಿಸುವ ಕೈ ಅದು, ನಮಗಿಂತ ಚುರುಕು. ದಾದಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಆದರೆ ಕೌದಿ ಹೊಲಿದು ಹೊಲಿದು ಬೆರಳಿಗೆ ಕಣ್ಣು ಬಂದಿವೆ. ಅಂಚು ನೇರವಾಗಿರುವ ತುಣುಕುಗಳನ್ನು ಸವರಿ ನೋಡಿಯೇ ಬೇರೆ ಇಟ್ಟಳು. ಸಂಜೆಯ ಹೊತ್ತಿಗೆ ನಾಲ್ಕೂ ಕಡೆಯ ಅಂಚು ಮುಗಿದಿತ್ತು.

ಎರಡನೇ ದಿನ ಅಬ್ಬಾ ಎರಡು ಮೂರು ಸಲ ಬಂದು ಹೋದರು. ಒಮ್ಮೆ ಕತ್ತರಿ ಹುಡುಕುವ ನೆಪ, ಇನ್ನೊಮ್ಮೆ ಟೇಪು. ರಾತ್ರಿ ಇಶಾ ನಮಾಜ್ ಮುಗಿಸಿ ಬಂದವರು ಟೇಬಲ್ ಪಕ್ಕ ನಿಂತರು. ಅಣ್ಣ ಆಕಾಶದ ಭಾಗದಲ್ಲಿ ಸಿಕ್ಕಿಬಿದ್ದಿದ್ದ. ಎಲ್ಲಾ ತುಣುಕೂ ನೀಲಿ, ಯಾವುದು ಎಲ್ಲಿ ಎಂದು ತಿಳಿಯದು. ಅಬ್ಬಾ ತುಂಬಾ ಹೊತ್ತು ನೋಡಿದರು. ಆಮೇಲೆ ಒಂದು ತುಣುಕು ಎತ್ತಿ, ತಿರುಗಿಸಿ, ಅಣ್ಣನ ಕೈ ಕೆಳಗಿದ್ದ ಜಾಗದಲ್ಲಿ ಇಟ್ಟರು. ಟಕ್ ಎಂದು ಕೂತಿತು. ಬಣ್ಣ ನೋಡದೆ ಆಕಾರ ಮಾತ್ರ ನೋಡಿದ್ದರು. ತೋಳಿನ ಬಟ್ಟೆ ಯಾವ ಕಂಕುಳಿಗೆ ಕೂಡುತ್ತದೆ ಎಂದು ಮೂವತ್ತು ವರ್ಷದಿಂದ ನೋಡುತ್ತಿರುವ ಕಣ್ಣಲ್ಲವೇ!

ಅವರು ಕುರ್ಚಿ ಎಳೆದುಕೊಂಡು ಕೂತರು. ಯಾರೂ ಮಾತಾಡಲಿಲ್ಲ. ಹತ್ತು ನಿಮಿಷವಾದ ಮೇಲೆ ಅಣ್ಣ ತಲೆ ಎತ್ತದೆಯೇ ಹೇಳಿದ: "ಅಬ್ಬಾ, ಆ ಎರಡು ಕಿವಿ ಇರೋ ತುಣುಕು ನಿಮ್ಮ ಬಾಜೂಕ ಐತಿ, ಕೊಡ್ರಿ."

ಮನೆಯಲ್ಲಿ ನಾವು ಆಡುವುದು ದಖ್ಖನಿ, ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ. ಯಾವ ಭಾಷೆಯಲ್ಲಾದರೂ ಅದು ದೊಡ್ಡ ಮಾತೇನಲ್ಲ. ಆದರೆ ಒಂದೂವರೆ ವರ್ಷದಲ್ಲಿ ಅಣ್ಣ ಅಬ್ಬಾಗೆ ನೇರವಾಗಿ ಹೇಳಿದ ಮೊದಲ ಮಾತು ಅದೇ. ಅಬ್ಬಾ ತುಣುಕು ಕೊಟ್ಟರು. "ಇದಲ್ಲ, ಇದರ ಕಿವಿ ಸಣ್ಣದು, ಅದನ್ನ ನೋಡು" ಎಂದರು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಮ್ಮಿ ಸದ್ದಿಲ್ಲದೆ ಒಳಗೆ ಹೋಗಿ ಚಹಾ ಇಟ್ಟಳು.

ಇದು ಎಲ್ಲಿಂದ ಬಂತು?

ಆಮೇಲೆ ಈ ಆಟದ ಬಗ್ಗೆ ಓದಿದೆ. ಇದು ಹುಟ್ಟಿದ್ದು ಆಟವಾಗಿ ಅಲ್ಲ, ಪಾಠವಾಗಿ. 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಎಂಬ ನಕಾಶೆ ಕೆತ್ತುವವರು ಭೂಪಟವನ್ನು ತೆಳುವಾದ ಮರದ ಹಲಗೆಗೆ ಅಂಟಿಸಿ, ದೇಶದೇಶಗಳ ಗಡಿಯ ಮೇಲೆ ಗರಗಸ ಓಡಿಸಿ ಕತ್ತರಿಸಿದರು. ಮಕ್ಕಳು ಅದನ್ನು ಜೋಡಿಸುತ್ತಾ ಯಾವ ದೇಶದ ಪಕ್ಕದಲ್ಲಿ ಯಾವ ದೇಶ ಇದೆ ಎಂದು ಕಲಿಯುತ್ತಿದ್ದರು. ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಕರ್ನಾಟಕದ ಜಿಲ್ಲೆಗಳನ್ನು ಜೋಡಿಸುವ ಮರದ ನಕ್ಷೆ ಇರುತ್ತದಲ್ಲ, ಅದು ಇದೇ ವಂಶದ್ದು. ಜಿಗ್ಸಾ ಎಂಬ ಹೆಸರು ಎಷ್ಟೋ ಕಾಲದ ಮೇಲೆ ಬಂತು. ಜಿಗ್ಸಾ ಎಂದರೆ ಅಂಕುಡೊಂಕಾಗಿ ಕತ್ತರಿಸುವ ಸಣ್ಣ ಗರಗಸ.

ಮರದ ಪಜಲ್ ದುಬಾರಿ. ಒಂದೊಂದನ್ನೂ ಕೈಯಿಂದ ಕತ್ತರಿಸಬೇಕು. ರಟ್ಟಿನ ಮೇಲೆ ಚಿತ್ರ ಅಂಟಿಸಿ ಉಕ್ಕಿನ ಅಚ್ಚಿನಿಂದ ಒಂದೇ ಒತ್ತಿಗೆ ಕತ್ತರಿಸುವ ವಿಧಾನ ಬಂದ ಮೇಲೆ ಅದು ಸಾಮಾನ್ಯರ ಕೈಗೆ ಸಿಕ್ಕಿತು. ಅಮೆರಿಕದಲ್ಲಿ 1930ರ ದಶಕದ ಆರಂಭದಲ್ಲಿ ಭಾರಿ ಆರ್ಥಿಕ ಕುಸಿತವಾಗಿ ಲಕ್ಷಾಂತರ ಜನ ಕೆಲಸ ಕಳೆದುಕೊಂಡಿದ್ದರು. ಆಗ ಅಲ್ಲಿ ಈ ರಟ್ಟಿನ ಪಜಲ್‌ಗಳಿಗೆ ಎಲ್ಲಿಲ್ಲದ ಬೇಡಿಕೆ ಬಂತು. ವಾರಕ್ಕೊಂದು ಹೊಸ ಪಜಲ್ ಪತ್ರಿಕೆ ಅಂಗಡಿಗಳಲ್ಲಿ ಮಾರಾಟಕ್ಕೆ ಬರುತ್ತಿತ್ತು. ಕೊಳ್ಳಲಾಗದವರು ಲೈಬ್ರರಿಯಿಂದ ಪುಸ್ತಕ ತಂದಂತೆ ಪಜಲನ್ನು ಬಾಡಿಗೆಗೆ ತರುತ್ತಿದ್ದರು. ಕೈಯಲ್ಲಿ ಕೆಲಸವಿಲ್ಲದ ಅಪ್ಪ, ಹೊರಗೆ ಹೋಗಲು ದುಡ್ಡಿಲ್ಲದ ಮಕ್ಕಳು ಒಂದೇ ಮೇಜಿನ ಸುತ್ತ ಕೂರುತ್ತಿದ್ದರು. 2020ರ ಲಾಕ್‌ಡೌನ್ ಸಮಯದಲ್ಲೂ ಪ್ರಪಂಚದ ಎಷ್ಟೋ ಕಡೆ ಮತ್ತೆ ಹಾಗೆಯೇ ಆಯಿತು. ಮನೆಯಲ್ಲಿ ಕೂಡಿಬಿದ್ದ ಜನಕ್ಕೆ ಕೂಡಿ ಮಾಡಲು ಏನೋ ಒಂದು ಬೇಕಿತ್ತು.

ಇದನ್ನು ವಿದ್ಯಾರ್ಥಿಗಳು ಎಷ್ಟು ದೊಡ್ಡದಾಗಿ ಮಾಡಬಲ್ಲರು ಎಂಬುದಕ್ಕೂ ಒಂದು ಉದಾಹರಣೆ ಇದೆ. 2011ರ ಸೆಪ್ಟೆಂಬರಿನಲ್ಲಿ ವಿಯೆಟ್ನಾಮಿನ ಹೋ ಚಿ ಮಿನ್ ನಗರದಲ್ಲಿ ಅರ್ಥಶಾಸ್ತ್ರ ವಿಶ್ವವಿದ್ಯಾಲಯದ 1,600 ವಿದ್ಯಾರ್ಥಿಗಳು ಸೇರಿ 5,51,232 ತುಣುಕುಗಳ ಕಮಲದ ಚಿತ್ರವನ್ನು ಒಂದು ಕ್ರೀಡಾಂಗಣದಲ್ಲಿ ಜೋಡಿಸಿ ಗಿನ್ನೆಸ್ ದಾಖಲೆ ಮಾಡಿದರು. ಅವರು ಮಾಡಿದ ಉಪಾಯ ನೋಡಿ: ಇಡೀ ಚಿತ್ರವನ್ನು 3,132 ಭಾಗ ಮಾಡಿಕೊಂಡರು. ಒಂದೊಂದು ಭಾಗದಲ್ಲಿ 176 ತುಣುಕು. ಮೊದಲು ಭಾಗಗಳನ್ನು ಜೋಡಿಸಿ, ಆಮೇಲೆ ಭಾಗಗಳನ್ನು ಒಂದಕ್ಕೊಂದು ಸೇರಿಸಿದರು. ಗುಣಿಸಿ ನೋಡಿ, ಲೆಕ್ಕ ಸರಿಯಾಗಿದೆ.

ಲೆಕ್ಕ ಏನು ಹೇಳುತ್ತದೆ?

ನಾನು ವಿಜ್ಞಾನ ವಿಭಾಗದವಳು, ಆದ್ದರಿಂದ ನಮ್ಮ ಪಜಲನ್ನೂ ಎಣಿಸಿದೆ. ಅಡ್ಡಕ್ಕೆ 27, ಉದ್ದಕ್ಕೆ 19, ಒಟ್ಟು 513. ಪೆಟ್ಟಿಗೆಯ ಮೇಲೆ 500 ಎಂದಿದ್ದರೂ ಸಾಲು ಸರಿಹೋಗಲಿ ಎಂದು ಹೀಗೆ ಮಾಡುತ್ತಾರೆ.

ಪ್ರಥಮ ಪಿಯುಸಿಯ ಕಾಂಬಿನೇಶನ್ ಪಾಠ ನೆನಪಿಸಿಕೊಳ್ಳಿ. 513 ತುಣುಕುಗಳಲ್ಲಿ ಎರಡೆರಡನ್ನು ಆರಿಸಿದರೆ 1,31,328 ಜೋಡಿಗಳಾಗುತ್ತವೆ. ಅವುಗಳಲ್ಲಿ ನಿಜವಾಗಿ ಪಕ್ಕಪಕ್ಕ ಕೂರುವ ಜೋಡಿಗಳು 980 ಮಾತ್ರ. ಅಂದರೆ ಕಣ್ಣುಮುಚ್ಚಿ ಎರಡು ತುಣುಕು ಎತ್ತಿದರೆ ಅವು ಕೂಡುವ ಸಂಭವ ನೂರಕ್ಕೆ ಒಂದಕ್ಕಿಂತ ಕಡಿಮೆ. ಒಬ್ಬರೇ ಕೂತರೆ ಬೇಸರ ಬರುವುದು ಇದಕ್ಕೇ.

ಈಗ ಅಂಚಿನ ತುಣುಕುಗಳನ್ನು ಮಾತ್ರ ಬೇರೆ ಮಾಡಿ. ಅವು 88. ಎರಡೆರಡು ಆರಿಸಿದರೆ 3,828 ಜೋಡಿ ಮಾತ್ರ. ಅವುಗಳಲ್ಲಿ ಸರಿಯಾದವು 88. ಕೆಲಸ ಒಮ್ಮೆಗೇ ಹಗುರವಾಯಿತು. ದಾದಿ ಬೆರಳಿನಿಂದ ಮಾಡಿದ್ದು ಇದನ್ನೇ. ಅಮ್ಮಿ ಕೆಂಪು ತುಣುಕು ಆರಿಸಿದಾಗಲೂ ಆದದ್ದು ಅದೇ. ಒಬ್ಬರು ಬಣ್ಣ ನೋಡುತ್ತಾರೆ, ಒಬ್ಬರು ಅಂಚು ನೋಡುತ್ತಾರೆ, ಒಬ್ಬರು ಆಕಾರ ನೋಡುತ್ತಾರೆ. ಒಬ್ಬೊಬ್ಬರ ನೋಟವೂ ರಾಶಿಯನ್ನು ಸಣ್ಣದು ಮಾಡುತ್ತದೆ.

ಇನ್ನೊಂದು ವಿಷಯ ಲೆಕ್ಕದಲ್ಲಿ ಬರುವುದಿಲ್ಲ. ಜೋಡಿಸುವಾಗ ಎಲ್ಲರ ಕಣ್ಣೂ ಮೇಜಿನ ಮೇಲಿರುತ್ತದೆ. ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಮುನಿಸಿಕೊಂಡವರನ್ನು ಎದುರುಬದುರು ಕೂರಿಸಿ "ಮಾತಾಡಿ" ಎಂದರೆ ಬಾಯಿ ಬಿಗಿಯುತ್ತದೆ. ನಮ್ಮ ಮನೆಯಲ್ಲಿ ಮಾವಂದಿರು ಬಂದು ಎರಡು ಸಲ ಹಾಗೆ ಪಂಚಾಯ್ತಿ ಮಾಡಿದ್ದರು. ಎರಡು ಸಲವೂ ಅದು ಜಗಳವಾಗಿಯೇ ಮುಗಿಯಿತು, ಯಾಕೆಂದರೆ ಅಲ್ಲಿ ಯಾರದು ತಪ್ಪು ಎಂಬುದೇ ವಿಷಯ. ಪಜಲ್ ಮುಂದೆ ವಿಷಯ ಬೇರೆ: ನನಗೆ ಬೇಕಾದ ತುಣುಕು ನಿನ್ನ ಹತ್ತಿರ ಇದೆ. ಕೇಳದೆ ಗತಿ ಇಲ್ಲ. ಕೊಟ್ಟರೆ ಇಬ್ಬರಿಗೂ ಲಾಭ.

ನಮ್ಮ ಸೀಮೆಯಲ್ಲಿ ಜನ ಕೂಡುವ ಸಂದರ್ಭಗಳಿಗೆ ಕೊರತೆ ಇಲ್ಲ. ಗುರುಗುಂಟಾ ಅಮರೇಶ್ವರ ಜಾತ್ರೆಗೆ ಸುತ್ತಲಿನ ಹಳ್ಳಿಗಳೆಲ್ಲ ಸೇರುತ್ತವೆ. ಮುದಗಲ್ಲಿನ ಮೊಹರಂನಲ್ಲಿ ಹಿಂದೂ, ಮುಸ್ಲಿಂ ಎನ್ನದೆ ಎಲ್ಲರೂ ಹೆಜ್ಜೆ ಹಾಕುತ್ತಾರೆ. ಅಲ್ಲಿಯೂ ಒಬ್ಬರಿಂದ ತೇರು ಎಳೆಯಲಾಗದು, ಒಬ್ಬರೇ ಅಲಾಯಿ ಕುಣಿಯಲಾಗದು. ಆದರೆ ಜಾತ್ರೆ ವರ್ಷಕ್ಕೊಮ್ಮೆ ಬರುತ್ತದೆ. ಉಳಿದ ದಿನಗಳಿಗೆ, ನಾಲ್ಕು ಗೋಡೆಯ ಒಳಗೆ, ಒಂದು ಸಣ್ಣ ಹಗ್ಗ ಬೇಕಲ್ಲವೇ?

ತರಗತಿಯಲ್ಲಿ ಜಿಗ್ಸಾ

ಇದೇ ಮಾತನ್ನು ಒಬ್ಬ ಮನಃಶಾಸ್ತ್ರಜ್ಞರು ಶಾಲೆಯೊಳಗೆ ಪರೀಕ್ಷೆ ಮಾಡಿ ನೋಡಿದ್ದಾರೆ. ಅವರ ಹೆಸರು ಎಲಿಯಟ್ ಆರನ್ಸನ್. 1971ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ ಬಿಳಿಯ, ಕಪ್ಪು ಮತ್ತು ಹಿಸ್ಪ್ಯಾನಿಕ್ ಮಕ್ಕಳನ್ನು ಮೊದಲ ಬಾರಿಗೆ ಒಂದೇ ತರಗತಿಯಲ್ಲಿ ಕೂರಿಸಲಾಯಿತು. ಒಟ್ಟಿಗೆ ಕೂತರೆ ಸ್ನೇಹ ಬೆಳೆಯುತ್ತದೆ ಎಂದು ದೊಡ್ಡವರು ಅಂದುಕೊಂಡಿದ್ದರು. ಕೆಲವೇ ವಾರಗಳಲ್ಲಿ ಹೊಡೆದಾಟ ಶುರುವಾಯಿತು. ಶಾಲೆಯವರು ಆರನ್ಸನ್ ಅವರನ್ನು ಕರೆಸಿದರು.

ಅವರು ಮೊದಲು ತರಗತಿಗಳಲ್ಲಿ ಸುಮ್ಮನೆ ಕೂತು ನೋಡಿದರು. ಮೇಷ್ಟ್ರು ಪ್ರಶ್ನೆ ಕೇಳುತ್ತಾರೆ. ಆರೇಳು ಕೈ ಮೇಲೇಳುತ್ತವೆ. ಒಬ್ಬನನ್ನು ಕರೆದರೆ ಉಳಿದವರ ಮುಖ ಬಾಡುತ್ತದೆ, ಅವನು ತಪ್ಪು ಹೇಳಲಿ ಎಂದು ಕಾಯುತ್ತಾರೆ. ಕೈ ಎತ್ತದವರು ತಲೆ ತಗ್ಗಿಸಿ ಕೂತಿರುತ್ತಾರೆ. ಇದು ನಮಗೆ ಹೊಸ ದೃಶ್ಯವೇ? ಮಕ್ಕಳು ಒಂದೇ ಕೋಣೆಯಲ್ಲಿದ್ದರು, ಆದರೆ ಒಬ್ಬರಿಗೆ ಇನ್ನೊಬ್ಬರಿಂದ ಬೇಕಾದದ್ದು ಏನೂ ಇರಲಿಲ್ಲ. ಸೋಲು ಬಿಟ್ಟರೆ.

ಆರನ್ಸನ್ ಮತ್ತು ಅವರ ವಿದ್ಯಾರ್ಥಿಗಳು ಪಾಠವನ್ನೇ ಜಿಗ್ಸಾ ಮಾಡಿದರು. ಐದಾರು ಮಕ್ಕಳ ಗುಂಪು. ಪಾಠದ ಒಂದೊಂದು ಭಾಗ ಒಬ್ಬೊಬ್ಬರಿಗೆ. ಬೇರೆ ಬೇರೆ ಗುಂಪುಗಳಲ್ಲಿ ಒಂದೇ ಭಾಗ ಸಿಕ್ಕವರು ಮೊದಲು ಒಟ್ಟಿಗೆ ಕೂತು ಅದನ್ನು ಚೆನ್ನಾಗಿ ಓದಿಕೊಳ್ಳುತ್ತಾರೆ. ಆಮೇಲೆ ತಮ್ಮ ತಮ್ಮ ಗುಂಪಿಗೆ ಹೋಗಿ ಕಲಿಸುತ್ತಾರೆ. ಕೊನೆಗೆ ಇಡೀ ಪಾಠದ ಮೇಲೆ ಪರೀಕ್ಷೆ. ಹಾಗಾಗಿ ಪಕ್ಕದವನ ಮಾತು ಕೇಳದಿದ್ದರೆ ನನ್ನ ಅಂಕವೇ ಹೋಗುತ್ತದೆ.

ಅಲ್ಲಿ ಒಬ್ಬ ಹುಡುಗನಿದ್ದ. ಆರನ್ಸನ್ ಅವನನ್ನು ಕಾರ್ಲೋಸ್ ಎಂದು ಕರೆದಿದ್ದಾರೆ. ಇಂಗ್ಲಿಷ್ ಅವನ ಎರಡನೇ ಭಾಷೆ, ಮಾತಾಡಲು ತಡವರಿಸುತ್ತಿದ್ದ, ಉಳಿದವರು ನಗುತ್ತಿದ್ದರು. ಮೊದಮೊದಲು ಗುಂಪಿನಲ್ಲೂ ಹಾಗೆಯೇ ನಕ್ಕರು. ಆದರೆ ಅವನ ಹತ್ತಿರ ಇದ್ದ ಭಾಗ ಬೇರೆ ಯಾರ ಹತ್ತಿರವೂ ಇರಲಿಲ್ಲ. ನಕ್ಕರೆ ಆ ಭಾಗ ಸಿಗದು ಎಂದು ಅರಿವಾದ ಮೇಲೆ ಮಕ್ಕಳು ಪ್ರಶ್ನೆ ಕೇಳುವುದನ್ನು ಕಲಿತರು. ಸರಿಯಾಗಿ ಕೇಳಿದಾಗ ಅವನೂ ಸರಿಯಾಗಿ ಹೇಳಿದ. ಕೆಲವು ವಾರಗಳಲ್ಲಿ ಅವನು ದಡ್ಡನಲ್ಲ ಎಂದು ಎಲ್ಲರಿಗೂ ಗೊತ್ತಾಯಿತು. ಈ ವಿಧಾನದಲ್ಲಿ ಕಲಿತ ಮಕ್ಕಳಲ್ಲಿ ಪರಸ್ಪರ ದ್ವೇಷ ಕಡಿಮೆಯಾಯಿತು, ಹಿಂದುಳಿದಿದ್ದ ಮಕ್ಕಳ ಅಂಕಗಳೂ ಏರಿದವು.

ಕಾರ್ಲೋಸ್‌ನ ಕಥೆ ಓದಿದಾಗ ನನಗೆ ನಮ್ಮ ಪ್ರಥಮ ಪಿಯುಸಿಯ ಮೊದಲ ತಿಂಗಳು ನೆನಪಾಯಿತು. ಕನ್ನಡ ಮಾಧ್ಯಮದಿಂದ ಬಂದವರು, ಉರ್ದು ಮಾಧ್ಯಮದಿಂದ ಬಂದವರು, ಇಂಗ್ಲಿಷ್ ಮಾಧ್ಯಮದವರು ಮೂರು ಮೂಲೆಯಲ್ಲಿ ಕೂರುತ್ತಿದ್ದೆವು. ಯಾರೂ ಯಾರನ್ನೂ ಬೈಯಲಿಲ್ಲ, ಜಗಳವಾಡಲಿಲ್ಲ. ಆದರೆ ಒಬ್ಬರ ಟಿಫಿನ್ ಡಬ್ಬಿ ಇನ್ನೊಬ್ಬರ ಬೆಂಚಿಗೆ ಹೋಗಲು ನಾಲ್ಕು ತಿಂಗಳು ಹಿಡಿಯಿತು.

ಮಸ್ಕಿಯ ತುಣುಕು

ಈ ವಿಧಾನವನ್ನು ನಾವೂ ಮಾಡಿ ನೋಡಿದೆವು. ಇತಿಹಾಸದ ಉಪನ್ಯಾಸಕರು ಒಪ್ಪಿ ಒಂದು ಶನಿವಾರ ನಮಗೆ ಒಂದೂವರೆ ಗಂಟೆ ಕೊಟ್ಟರು. ವಿಜ್ಞಾನ, ಕಲಾ ಎರಡೂ ವಿಭಾಗದವರು ಸೇರಿದೆವು. ವಿಷಯ ನಮ್ಮ ನೆರೆಯ ಮಸ್ಕಿಯ ಅಶೋಕನ ಶಾಸನ. ಅದನ್ನು ಆರು ತುಣುಕು ಮಾಡಿದೆವು.

ಒಂದು: ದೇಶದ ಬೇರೆ ಬೇರೆ ಕಡೆ ಬಂಡೆಗಳ ಮೇಲೆ, ಕಂಬಗಳ ಮೇಲೆ ಒಂದೇ ರೀತಿಯ ಹಳೆಯ ಬರಹ ಇತ್ತು, ಯಾರಿಗೂ ಓದಲು ಬರುತ್ತಿರಲಿಲ್ಲ. ಎರಡು: 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಬ್ರಾಹ್ಮೀ ಲಿಪಿಯನ್ನು ಓದಿದರು. ಭಾಷೆ ಪ್ರಾಕೃತ. ಅದರಲ್ಲಿ ರಾಜನ ಹೆಸರು 'ದೇವಾನಾಂಪಿಯ ಪಿಯದಸಿ' ಎಂದಿತ್ತು. ಅಂಥ ರಾಜ ಯಾರು ಎಂದು ತಿಳಿಯಲಿಲ್ಲ. ಮೂರು: ಸಿಲೋನಿನಲ್ಲಿದ್ದ ಜಾರ್ಜ್ ಟರ್ನರ್ ಅಲ್ಲಿನ ಪಾಲಿ ಗ್ರಂಥ 'ದೀಪವಂಸ' ನೋಡಿ, ಪಿಯದಸಿ ಎಂದರೆ ಮೌರ್ಯ ಅಶೋಕನೇ ಎಂದರು. ನಾಲ್ಕು: ಆದರೆ ಆ ರಾಜನ ಶಾಸನಗಳಲ್ಲಿ ಅಶೋಕ ಎಂಬ ಹೆಸರು ಎಲ್ಲಿಯೂ ಸಿಕ್ಕಿರಲಿಲ್ಲ, ಗ್ರಂಥದ ಮಾತೇ ಆಧಾರ. ಐದು: 1915ರಲ್ಲಿ ಸಿ. ಬೀಡನ್ ಎಂಬ ಗಣಿ ಇಂಜಿನಿಯರ್ ಚಿನ್ನದ ಅದಿರು ಹುಡುಕುತ್ತಾ ಮಸ್ಕಿಯ ಗುಡ್ಡದಲ್ಲಿ ಒಂದು ಬರಹ ಕಂಡರು. ಅದರಲ್ಲಿ 'ದೇವಾನಾಂಪಿಯ' ಎಂಬುದರ ಜೊತೆಗೇ ಅಶೋಕ ಎಂಬ ಹೆಸರೂ ಇತ್ತು. ಆರು: ಆ ಶಾಸನದಲ್ಲಿ ಏನು ಹೇಳಿದೆ ಎಂಬುದು.

ನಮ್ಮ ಗುಂಪಿನಲ್ಲಿ ಐದನೇ ತುಣುಕು ಬಂದದ್ದು ಹಟ್ಟಿ ಕಡೆಯಿಂದ ಬರುವ ಒಬ್ಬಳಿಗೆ. ಅವಳ ದನಿ ನಾನು ಒಂದು ವರ್ಷದಲ್ಲಿ ಹಾಜರಿ ಕೂಗುವಾಗ ಮಾತ್ರ ಕೇಳಿದ್ದೆ. "ಚಿನ್ನ ಹುಡುಕೋನು ಮಸ್ಕಿಗೆ ಯಾಕೆ ಬಂದ?" ಎಂದು ನಾವು ಕೇಳಿದೆವು. ಹಾಳೆಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಅವಳ ತಂದೆ ಗಣಿಯಲ್ಲಿ ಕೆಲಸ ಮಾಡುವವರು. ಈ ಸೀಮೆಯಲ್ಲಿ ಬಹಳ ಹಿಂದಿನ ಕಾಲದ ಗಣಿಗುಂಡಿಗಳಿವೆ, ಹಳಬರು ಅಗೆದ ಕಡೆಯೇ ಹೊಸಬರೂ ಚಿನ್ನ ಹುಡುಕುತ್ತಾರೆ, ಹಟ್ಟಿ ಗಣಿಯೂ ಹಾಗೆಯೇ ಹಳೆಯ ಗುಂಡಿಗಳ ಜಾಡಿನಲ್ಲೇ ಬೆಳೆದದ್ದು ಎಂದು ಐದು ನಿಮಿಷ ವಿವರಿಸಿದಳು. ಅದಿರು ಹೊತ್ತ ಬಿಳಿಗಲ್ಲು ಹೇಗಿರುತ್ತದೆ ಎಂದು ಕೈಯಲ್ಲಿ ಆಕಾರ ಮಾಡಿ ತೋರಿಸಿದಳು. ಅಲ್ಲಿದ್ದ ನಮಗ್ಯಾರಿಗೂ ಅದು ಗೊತ್ತಿರಲಿಲ್ಲ. ಈಗ ಅವಳು ಊಟದ ಬಿಡುವಿನಲ್ಲಿ ನಮ್ಮ ಬೆಂಚಿಗೆ ಬರುತ್ತಾಳೆ.

ಮಸ್ಕಿಯ ಬಂಡೆ ಎಷ್ಟು ದೊಡ್ಡ ಚಿತ್ರದ ಕಳೆದುಹೋದ ತುಣುಕು ಎಂದು ನನಗೆ ಅವತ್ತೇ ಸರಿಯಾಗಿ ತಿಳಿದದ್ದು. ಲಿಪಿ ಒಬ್ಬರ ಹತ್ತಿರ, ಗ್ರಂಥ ಇನ್ನೊಬ್ಬರ ಹತ್ತಿರ, ಕಲ್ಲು ನಮ್ಮ ಹತ್ತಿರ. 78 ವರ್ಷ ಆ ಜಾಗ ಖಾಲಿ ಇತ್ತು. ಮುಂದೆ ಗುಜರಾ, ನಿಟ್ಟೂರು, ಉಡೇಗೋಳಂ ಶಾಸನಗಳಲ್ಲೂ ಅಶೋಕ ಎಂಬ ಹೆಸರು ಸಿಕ್ಕಿತು. ಆದರೆ ಮೊದಲು ಕೂತದ್ದು ಮಸ್ಕಿಯ ತುಣುಕು. ಆರನೇ ತುಣುಕಿನವರು ಹೇಳಿದ್ದನ್ನೂ ನಾನು ಮರೆತಿಲ್ಲ: ಧರ್ಮದ ದಾರಿಯಲ್ಲಿ ನಡೆದರೆ ಸಣ್ಣವರೂ ಇದನ್ನು ಸಾಧಿಸಬಹುದು, ದೊಡ್ಡವರಿಗೆ ಮಾತ್ರ ಸಾಧ್ಯ ಎಂದು ತಿಳಿಯಬಾರದು, ಸಣ್ಣವರಿಗೂ ದೊಡ್ಡವರಿಗೂ ಇದನ್ನು ಹೇಳಬೇಕು ಎಂಬುದು ಆ ಶಾಸನದ ಸಾರ.

ನೀವೂ ಮಾಡಿ ನೋಡಿ

ಪಜಲ್ ಕೊಳ್ಳಲು ದುಡ್ಡು ಬೇಕಾಗಿಲ್ಲ. ಹಳೆಯ ಕ್ಯಾಲೆಂಡರಿನ ಒಂದು ಹಾಳೆ ತೆಗೆದುಕೊಳ್ಳಿ. ಬೆಟ್ಟ, ಹೊಲ, ಸಂತೆ ಹೀಗೆ ಬಣ್ಣ ಹೆಚ್ಚಿರುವ ಚಿತ್ರವಾದರೆ ಒಳ್ಳೆಯದು. ದೇವರು, ಮಸೀದಿ, ದರ್ಗಾ, ಗುರುಗಳ ಚಿತ್ರ ಬೇಡ. ಕತ್ತರಿ ಹಾಕುವಾಗ ಯಾರ ಮನಸ್ಸಿಗೂ ನೋವಾಗಬಾರದು. ಮೈದಾ ಅಂಟಿನಿಂದ ಅದನ್ನು ರಟ್ಟಿಗೆ ಅಂಟಿಸಿ, ಮೇಲೆ ಭಾರದ ಪುಸ್ತಕ ಹೇರಿ ಒಂದು ರಾತ್ರಿ ಬಿಡಿ. ಒದ್ದೆ ಇರುವಾಗ ಕತ್ತರಿಸಿದರೆ ಚಿತ್ರ ಕಿತ್ತು ಬರುತ್ತದೆ. ಹಾಳೆ 50 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ ಇದ್ದರೆ ಹಿಂಬದಿಯಲ್ಲಿ 5 ಸೆಂ.ಮೀ.ಗೊಂದು ಗೆರೆ ಎಳೆಯಿರಿ. 80 ತುಣುಕು ಆಗುತ್ತವೆ, ಅಂಚಿನವು 32. ಗೆರೆಯನ್ನು ಸ್ವಲ್ಪ ಅಲೆಯಂತೆ ಎಳೆದರೆ ಜೋಡಿಸುವಾಗ ಗುರುತು ಸಿಗುತ್ತದೆ. ಬ್ಲೇಡ್ ಬಳಸುವಾಗ ಕೆಳಗೆ ಹಲಗೆ ಇರಲಿ, ಸಣ್ಣ ಮಕ್ಕಳ ಕೈಗೆ ಕೊಡಬೇಡಿ.

ಕೂರುವಾಗ ನಮ್ಮ ಅನುಭವದ ಮೂರು ಮಾತು. ನಾಲ್ಕರಿಂದ ಆರು ಜನ ಸಾಕು. ಹೆಚ್ಚಾದರೆ ಕೆಲವರು ನಿಂತು ನೋಡುವವರಾಗುತ್ತಾರೆ. ತುಣುಕುಗಳನ್ನು ಹಂಚಿಬಿಡಿ, ಎಲ್ಲವೂ ಒಬ್ಬ ಜಾಣನ ಮುಂದೆ ಇರಬಾರದು. ಮೊಬೈಲ್ ಫೋನನ್ನು ಬೇರೆ ಕೋಣೆಯಲ್ಲಿಡಿ. ಇನ್ನು, ಒಂದೇ ದಿನದಲ್ಲಿ ಮುಗಿಸುವ ಹಟ ಬೇಡ. ಅರ್ಧ ಮುಗಿದ ಚಿತ್ರ ಮನೆಯಲ್ಲಿದ್ದರೆ ಹೋಗುವವರು ಬರುವವರು ಒಂದೊಂದು ತುಣುಕು ಇಟ್ಟು ಹೋಗುತ್ತಾರೆ. ನಮ್ಮ ಅಬ್ಬಾ ಬಂದದ್ದು ಹಾಗೆಯೇ.

ಒಂದು ತುಣುಕು ಕಳೆದರೆ ಚಿತ್ರ ಬಿಸಾಡಬೇಡಿ. ನಮ್ಮದರಲ್ಲೂ ಒಂದು ಕಳೆಯಿತು, ಆಕಾಶದ್ದೇ. ಮಷೀನಿನ ಕೆಳಗೆ, ಬಟ್ಟೆ ಚೂರಿನ ಚೀಲದಲ್ಲಿ ಎಲ್ಲ ಹುಡುಕಿದೆವು, ಸಿಗಲಿಲ್ಲ. ಅಬ್ಬಾ ಗುಂಡಿ ಪೆಟ್ಟಿಗೆಯ ರಟ್ಟು ತೆಗೆದು, ಖಾಲಿ ಜಾಗದ ಮೇಲೆ ಕಾಗದ ಇಟ್ಟು ಅಳತೆ ತೆಗೆದುಕೊಂಡು, ಅಂಗಿಯ ಪ್ಯಾಟರ್ನ್ ಕತ್ತರಿಸಿದಂತೆ ಒಂದು ತುಣುಕು ಕತ್ತರಿಸಿದರು. ಅಣ್ಣ ಅದಕ್ಕೆ ನನ್ನ ಸ್ಕೆಚ್ ಪೆನ್ನಿನಿಂದ ನೀಲಿ ಬಳಿದ. ಬಣ್ಣ ಹೊಂದಲಿಲ್ಲ, ದೂರದಿಂದಲೇ ಎದ್ದು ಕಾಣುತ್ತದೆ. ಆದರೆ ಗಟ್ಟಿಯಾಗಿ ಕೂತಿದೆ.

ಅಣ್ಣ ಐದನೇ ದಿನ ಬೆಂಗಳೂರಿಗೆ ವಾಪಸ್ ಹೋದ. ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಕಾಲೇಜು ಬಿಟ್ಟ ವಿಷಯವನ್ನು ಇಬ್ಬರೂ ಇನ್ನೂ ಎತ್ತಿಲ್ಲ. ಎತ್ತಿದರೆ ಏನಾಗುತ್ತದೋ ಗೊತ್ತಿಲ್ಲ. ಆದರೆ ಈಗ ಅವನು ಫೋನ್ ಮಾಡಿದಾಗ ಅಮ್ಮಿ ಮಾತಾಡಿ ಮುಗಿಸುವ ತನಕ ಅಬ್ಬಾ ಪಕ್ಕದಲ್ಲೇ ಕಾಯುತ್ತಾರೆ. ಆಮೇಲೆ ಫೋನ್ ತೆಗೆದುಕೊಂಡು "ಊಟ ಆಯ್ತಾ?" ಎಂದು ಕೇಳುತ್ತಾರೆ. ಅವನು "ಆಯ್ತು, ನಿಮ್ದು?" ಎನ್ನುತ್ತಾನೆ. ಅಂಗಡಿಯ ಫ್ಯಾನು ಸದ್ದು ಮಾಡುತ್ತಿದೆ ಎಂದು ಮೊನ್ನೆ ಅಬ್ಬಾ ಹೇಳಿದರು. ಬೇರಿಂಗ್ ಹೋಗಿರಬೇಕು, ಹಬ್ಬಕ್ಕೆ ಬಂದಾಗ ನೋಡುತ್ತೇನೆ ಎಂದನಂತೆ. ನನ್ನ ಪೋಸ್ಟ್‌ಮ್ಯಾನ್ ಕೆಲಸ ಹೋಯಿತು.

ಬರುವ ಹಬ್ಬಕ್ಕೆ ಸಾವಿರ ತುಣುಕಿನದು ತರುತ್ತೇನೆ ಎಂದಿದ್ದಾನೆ. ನಮ್ಮ ಐನೂರರದ್ದನ್ನು ಬಿಡಿಸಿ, ಪೆಟ್ಟಿಗೆಗೆ ಹಾಕಿ, ಮನೆಯವರ ಒಪ್ಪಿಗೆ ಪಡೆದು ಕಾಲೇಜಿನ ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ. ಕಿಟಕಿಯ ಪಕ್ಕದ ಮೇಜಿನ ಮೇಲೆ ಬಿಚ್ಚಿಟ್ಟಿದೆ. ಊಟದ ಬಿಡುವಿನಲ್ಲಿ ಬನ್ನಿ, ಒಂದೆರಡು ತುಣುಕು ಇಟ್ಟು ಹೋಗಿ. ಒಬ್ಬರೇ ಬರಬೇಡಿ, ನಿಮ್ಮ ಜೊತೆ ಇದುವರೆಗೆ ಮಾತಾಡದ ಒಬ್ಬರನ್ನು ಕರೆದುಕೊಂಡು ಬನ್ನಿ. ಆಕಾಶದಲ್ಲಿ ಬಣ್ಣ ಹೊಂದದ ಒಂದು ತುಣುಕು ಸಿಕ್ಕರೆ ತಪ್ಪಾಗಿ ಬಂದಿದೆ ಎಂದು ತೆಗೆದಿಡಬೇಡಿ. ಅದು ಅದೇ ಪೆಟ್ಟಿಗೆಯದು.